ಗೋಡೆ ಕೊರೆಯುವ ಮೊದಲು ವೈರ್ ಅಳೆಯಿರಿ: ಹಳೆ ಲೈನಿಗೆ ಹೊಸ ಸ್ಪೀಕರ್

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ಹನ್ನೆರಡು ವರ್ಷದ ಹಳೆ ಮನೆ ಕೊಂಡಿದ್ದೇವೆ. ಹಿಂದಿನ ಮಾಲೀಕರು ಹಾಲ್‌ನಲ್ಲಿ ಹೋಮ್ ಥಿಯೇಟರ್ ಇಟ್ಟಿದ್ದರಂತೆ. ಟಿವಿ ಹಿಂದಿನ ಬಾಕ್ಸಿನಲ್ಲಿ ಐದು ಜೊತೆ ಕೆಂಪು-ಕಪ್ಪು ವೈರ್ ಇವೆ. ಟಿವಿಯ ಆಚೀಚೆ ಏಳಡಿ ಎತ್ತರದಲ್ಲಿ ಎರಡು ಬಾಕ್ಸ್, ಹಿಂದಿನ ಗೋಡೆಯಲ್ಲಿ ಎರಡು ಬಾಕ್ಸ್, ಎಲ್ಲಕ್ಕೂ ಬರೀ ಪ್ಲೇಟ್ ಮುಚ್ಚಿದ್ದಾರೆ. ಐದನೆಯ ಜೊತೆ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಚಿಕ್ಕ ಮಕ್ಕಳಿದ್ದಾರೆ, ನೆಲದ ಮೇಲೆ ಸ್ಪೀಕರ್ ಬೇಡ ಅಂತ ಗೋಡೆಯೊಳಗೆ ಕೂರಿಸುವ ನಾಲ್ಕು ಸ್ಪೀಕರ್ ತಂದಿದ್ದೇವೆ. 8 ಓಮ್, ಆರೂವರೆ ಇಂಚಿನವು. ಹಾಲಿಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಇದೆ. ಎಲೆಕ್ಟ್ರಿಷಿಯನ್ 'ಹಳೆ ವೈರಿಗೆ ಸುತ್ತಿ ಟೇಪ್ ಹಾಕಿದರೆ ಆಯ್ತು' ಅನ್ನುತ್ತಾರೆ. ಗೋಡೆ ಕೊರೆಯಲು ಮೇಸ್ತ್ರಿ ಭಾನುವಾರ ಬರುತ್ತಾರೆ. ಹಳೆ ವೈರ್ ನಂಬಬಹುದಾ? ಅಮ್ಮ ಅಡುಗೆಮನೆಗೂ ಒಂದು ಸ್ಪೀಕರ್ ಕೇಳುತ್ತಿದ್ದಾರೆ. ಅದನ್ನೂ ಇದಕ್ಕೇ ಸೇರಿಸಬಹುದಾ?

ಉತ್ತರ: ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಈ ಭಾನುವಾರ ಬೇಡ ಅಂತ ಹೇಳಿ. ನಿಮ್ಮ ಹಳೆ ವೈರ್ ಬಹುಶಃ ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ಅಳೆದು ನೋಡುವ ತನಕ ಗೋಡೆಗೆ ಉಳಿ ತಾಗಿಸಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಿಟ್ಟುವಳ್ಳಿಯ ಒಂದು ಮನೆಯಲ್ಲಿ ನಾನು ಮೊದಲು ಗೋಡೆ ಕೊರೆಸಿದೆ, ಆಮೇಲೆ ವೈರ್ ನೋಡಿದೆ. ಸ್ಪೀಕರ್ ಕೂರಿಸಿ, ಸುತ್ತ ಗಾರೆ ಮೆತ್ತಿ, ಪೇಂಟ್ ಕೂಡ ಆಯಿತು. ಆನ್ ಮಾಡಿದರೆ ಬಲಗಡೆಯ ಸ್ಪೀಕರ್ ಮಾತಾಡಲಿಲ್ಲ. ಗೋಡೆಗೆ ಫೋಟೋ ಹಾಕಲು ಯಾವಾಗಲೋ ಹೊಡೆದ ಮೊಳೆ ಪೈಪ್ ಒಳಗೆ ಹೋಗಿ ವೈರ್ ತುಂಡಾಗಿತ್ತು. ಎರಡೂ ತುದಿ ನೋಡಲು ಚೆನ್ನಾಗಿಯೇ ಇದ್ದವು. ಹತ್ತು ನಿಮಿಷ ಮೀಟರ್ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಆ ಮನೆಯವರು ಗೋಡೆಯನ್ನು ಎರಡನೇ ಸಲ ಒಡೆಸಿಕೊಂಡರು. ಅವತ್ತಿನಿಂದ ನನ್ನ ಕೆಲಸದ ಕ್ರಮ ಬದಲಾಗಿದೆ. ವೈರ್ ಮೊದಲು, ಗೋಡೆ ಕೊನೆಗೆ.

ಈಗ ನಿಮ್ಮ ಕೆಂಪು-ಕಪ್ಪು ವೈರಿನ ವಿಷಯ. ಈ ಬಣ್ಣವೇ ನನಗೆ ಮೊದಲ ಚಿಂತೆ. ಸ್ಪೀಕರಿಗೆ ಕೆಂಪು ಪ್ಲಸ್, ಕಪ್ಪು ಮೈನಸ್. ನಮ್ಮ ಮನೆಗಳ ಕರೆಂಟ್ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಎರಡಕ್ಕೂ ಅದೇ ಬಣ್ಣ! ಎಷ್ಟೋ ಮನೆಗಳಲ್ಲಿ ಸ್ಪೀಕರ್ ಲೈನಿಗೂ ಮಾಮೂಲಿ ಮನೆ ವೈರನ್ನೇ ಎಳೆದಿರುತ್ತಾರೆ. ಅದು ತಪ್ಪಲ್ಲ, ತಾಮ್ರ ತಾಮ್ರವೇ. ಆದರೆ ಬಾಕ್ಸ್ ತೆರೆದಾಗ ಕಾಣುವ ಕೆಂಪು-ಕಪ್ಪು ಜೊತೆ ಸ್ಪೀಕರಿನದೋ, 230 ವೋಲ್ಟಿನದೋ ಕಣ್ಣಿಗೆ ತಿಳಿಯುವುದಿಲ್ಲ. ಸುಮ್ಮನೆ ಬಿದ್ದಿದ್ದ ಸ್ಪೀಕರ್ ಜೊತೆಯನ್ನು ಯಾರೋ ಷೋಕೇಸ್ ಲೈಟಿಗೆ ಬಳಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಜೊತೆಗೆ ಆಂಪ್ಲಿಫೈಯರ್ ಕೊಟ್ಟಿದ್ದರೆ ಆಂಪ್ ಸುಡುವುದು ಹಾಗಿರಲಿ, ಕೈ ಇಟ್ಟವರ ಗತಿ ಏನು? ನಿಮಗೆ ಗೊತ್ತಿಲ್ಲದ ಆ ಐದನೆಯ ಜೊತೆಯ ಬಗ್ಗೆ ಅದಕ್ಕೇ ಹುಷಾರಾಗಿರಿ ಅನ್ನುವುದು.

ಆದ್ದರಿಂದ ಶುರು ಹೀಗೆ. ಮೇನ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಎಲ್ಲ ಬಾಕ್ಸಿನ ಪ್ಲೇಟ್ ಬಿಚ್ಚಿ. ತುದಿಗಳು ಒಂದಕ್ಕೊಂದು ತಾಗದಂತೆ ಬಿಡಿಸಿಡಿ. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ. ಆಮೇಲೆ ಮೇನ್, ಇನ್ವರ್ಟರ್ ಆನ್ ಮಾಡಿ, ಮನೆಯ ಎಲ್ಲ ಸ್ವಿಚ್ಚುಗಳನ್ನೂ ಹಾಕಿ. ಸ್ವಿಚ್ ಹಾಕದಿದ್ದರೆ ಷೋಕೇಸ್ ಲೈಟಿನಂಥ ಲೈನ್ ಸಿಕ್ಕಿಬೀಳುವುದಿಲ್ಲ. ಈಗ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಪ್ರತಿ ಜೊತೆಯನ್ನೂ ನೋಡಿಸಿ. ಎರಡು ವೈರಿನ ನಡುವೆ ಒಮ್ಮೆ, ಒಂದೊಂದು ವೈರಿಗೂ ಅರ್ಥಿಂಗಿಗೂ ನಡುವೆ ಒಮ್ಮೆ. ಇನ್ವರ್ಟರ್ ಇದ್ದರೆ, ಮೇನ್ ಆಫ್ ಮಾಡಿದ ಮೇಲೂ ಅದರ ಲೈನ್ ಜೀವಂತ ಇರುತ್ತದೆ. ಅದನ್ನು ಮರೆಯಬೇಡಿ.

ಇಲ್ಲಿ ಒಂದು ಗೊಂದಲ ಆಗಬಹುದು. ಯಾವುದಕ್ಕೂ ಜೋಡಿಸದ ವೈರ್ ಕರೆಂಟ್ ವೈರಿನ ಪಕ್ಕದಲ್ಲಿ ಉದ್ದಕ್ಕೆ ಹೋಗಿದ್ದರೆ ಡಿಜಿಟಲ್ ಮೀಟರ್ ಮೂವತ್ತು, ನಲವತ್ತು ವೋಲ್ಟ್ ತೋರಿಸುತ್ತದೆ. ಟೆಸ್ಟರ್ ಕೂಡ ಮಂಕಾಗಿ ಉರಿಯಬಹುದು. ಅದು ನಿಜವಾದ ಸಪ್ಲೈ ಅಲ್ಲ, ಪಕ್ಕದ ವೈರಿನಿಂದ ಬಂದ ಛಾಯೆ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಹೋಲ್ಡರಿಗೆ ಹಳೆ ಕಾಲದ ಫಿಲಮೆಂಟ್ ಬಲ್ಬ್ (ಎಲ್‌ಇಡಿ ಅಲ್ಲ) ಹಾಕಿದ ಟೆಸ್ಟ್ ಲ್ಯಾಂಪ್ ಇರುತ್ತದೆ. ಅದನ್ನು ತಾಗಿಸಿದರೆ ಛಾಯೆಯ ವೋಲ್ಟ್ ಕೂಡಲೇ ಸೊನ್ನೆಗೆ ಬೀಳುತ್ತದೆ. ನಿಜವಾದ ಸಪ್ಲೈ ಆದರೆ ಬಲ್ಬ್ ಉರಿಯುತ್ತದೆ. ಬಲ್ಬ್ ಉರಿದರೆ ಆ ಜೊತೆಯನ್ನು ಸ್ಪೀಕರ್ ಲೆಕ್ಕದಿಂದ ಪೂರ್ತಿ ಬಿಟ್ಟುಬಿಡಿ. ಛಾಯೆ ಮಾತ್ರ ಇದ್ದರೂ ಅದೊಂದು ಸುಳಿವು. ಸ್ಪೀಕರ್ ವೈರ್, ಕರೆಂಟ್ ವೈರ್ ಎರಡೂ ಒಂದೇ ಪೈಪಿನಲ್ಲಿ ಇರಬಹುದು. ಹಾಗಿದ್ದರೆ ಅದನ್ನು ಬಳಸಬೇಡಿ. ಇಂಥ ಕಡೆ ಗುಂಯ್ ಅನ್ನುವ ಸದ್ದಿನ ಬಗ್ಗೆ ಜನ ಹೆದರುತ್ತಾರೆ. ಸ್ಪೀಕರ್ ಲೈನಿನಲ್ಲಿ ಅದರ ಕಾಟ ಕಡಿಮೆ. ನನ್ನ ಹೆದರಿಕೆ ಬೇರೆ. ಹಳೆಯ ವೈರಿನ ಮೈ ಸುಲಿದು ತಾಗಿತೆಂದರೆ 230 ವೋಲ್ಟ್ ನೇರ ಸ್ಪೀಕರಿಗೆ ಬರುತ್ತದೆ. ಅದರ ಮುಂದಿರುವುದು ಕಬ್ಬಿಣದ ಜಾಲರಿ, ಅದರ ಮುಂದೆ ನಿಮ್ಮ ಮಕ್ಕಳು.

ಇದು ಮುಗಿದ ಮೇಲೆ ಮೇನ್, ಇನ್ವರ್ಟರ್ ಎರಡೂ ಆಫ್. ಮುಂದಿನ ಪರೀಕ್ಷೆಗಳನ್ನು ನೀವೇ ಮಾಡಬಹುದು.

ಯಾವ ಜೊತೆ ಎಲ್ಲಿಗೆ ಹೋಗಿದೆ ಅಂತ ತಿಳಿಯಲು ದೊಡ್ಡ ಉಪಕರಣ ಬೇಡ. ಹಿಂದಿನ ಗೋಡೆಯ ಎಡ ಬಾಕ್ಸಿನಲ್ಲಿ ಕೆಂಪು-ಕಪ್ಪು ತುದಿಗಳನ್ನು ಸುಲಿದು ಒಂದಕ್ಕೊಂದು ತಿರುಚಿ. ಟಿವಿ ಹತ್ತಿರ ಬಂದು, ಮೀಟರನ್ನು ಬೀಪ್ ಬರುವ ಗುರುತಿಗೆ ತಿರುಗಿಸಿ, ಐದೂ ಜೊತೆಗೆ ಹಿಡಿಯಿರಿ. ಯಾವುದು ಬೀಪ್ ಅನ್ನುತ್ತದೋ ಅದೇ ಆ ಜೊತೆ. ಎರಡೂ ತುದಿಗೆ ಕಾಗದದ ಟೇಪ್ ಸುತ್ತಿ ಹೆಸರು ಬರೆಯಿರಿ. ಐದನೆಯ ಜೊತೆ ಟಿವಿ ಕೆಳಗೆ ಅಥವಾ ಮೇಲೆ ಎಲ್ಲೋ ಪ್ಲಾಸ್ಟರಿನಲ್ಲಿ ಹುದುಗಿರಬಹುದು. ಐದು ಸ್ಪೀಕರಿನ ಸೆಟ್ ಆಗಿದ್ದರೆ ಅದು ಮಧ್ಯದ ಸ್ಪೀಕರಿನದು. ತುದಿ ಸಿಗದಿದ್ದರೆ ಟಿವಿ ಕಡೆಯ ತುದಿಗೆ ಟೇಪ್ ಸುತ್ತಿ ಹಾಗೇ ಬಿಡಿ.

ಈಗ ಮುಖ್ಯವಾದ ಅಳತೆ. ಓಮ್ ಅಂದರೆ ಕರೆಂಟಿಗೆ ಎದುರಾಗುವ ತಡೆಯ ಅಳತೆ. ಮೀಟರನ್ನು ಓಮ್‌ನ ಅತಿ ಚಿಕ್ಕ ರೇಂಜಿಗೆ ಇಡಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. 0.3 ಅಂತಲೋ 0.4 ಅಂತಲೋ ತೋರಿಸುತ್ತದೆ. ಅದು ಕಡ್ಡಿಗಳದೇ ತಡೆ, ಬರೆದಿಟ್ಟುಕೊಳ್ಳಿ. ಆಮೇಲೆ ಆಚೆ ತುದಿ ತಿರುಚಿದ ಜೊತೆಯನ್ನು ಅಳೆದು ಅದರಿಂದ ಈ ಅಂಕಿ ಕಳೆಯಿರಿ. ಉಳಿದದ್ದು ವೈರಿನ ತಡೆ, ಹೋಗಿ ಬರುವ ಎರಡೂ ದಾರಿ ಸೇರಿ.

ಎಷ್ಟು ಇರಬೇಕು? ಸ್ಪೀಕರಿನ ಓಮ್‌ನ ನೂರಕ್ಕೆ ಐದರೊಳಗೆ ಇದ್ದರೆ ಒಳ್ಳೆಯದು ಅನ್ನುವುದು ನಮ್ಮ ಕೆಲಸದಲ್ಲಿ ಬಹಳ ಕಾಲದಿಂದ ಇರುವ ಲೆಕ್ಕ. ನಿಮ್ಮದು 8 ಓಮ್, ಅಂದರೆ 0.4 ಓಮ್ ಒಳಗೆ. ತಾಮ್ರದ ಬಹುಎಳೆ ವೈರ್ ಒಂದು ಕಿಲೋಮೀಟರಿಗೆ ಸುಮಾರು ಇಷ್ಟು ತಡೆ ಒಡ್ಡುತ್ತದೆ: 0.75 ಚದರ ಮಿಲಿಮೀಟರಿನದು 26 ಓಮ್, 1.5ರದು 13.3 ಓಮ್, 2.5ರದು 8 ಓಮ್. ಅಂಗಡಿಯಲ್ಲಿ ಒಂದೂವರೆ, ಎರಡೂವರೆ ಅಂತ ಕೇಳುತ್ತೀರಲ್ಲ, ಅದೇ ಇದು. ಟಿವಿ ಪಕ್ಕದ ಸ್ಪೀಕರಿಗೆ ಲೈನ್ 5 ಮೀಟರ್ ಅಂದುಕೊಳ್ಳಿ. ಹೋಗಿ ಬರುವುದು 10 ಮೀಟರ್. 0.75ರ ತೆಳು ವೈರ್ ಆದರೂ 0.26 ಓಮ್ ಅಷ್ಟೇ. ಧಾರಾಳವಾಗಿ ಸಾಕು. ಹಿಂದಿನ ಗೋಡೆಗೆ ಪೈಪ್ ಮೇಲೆ ಹತ್ತಿ, ಅಡ್ಡ ಹೋಗಿ, ಕೆಳಗೆ ಇಳಿದು 14 ಮೀಟರ್ ಆಗಬಹುದು. ಹೋಗಿ ಬರುವುದು 28 ಮೀಟರ್. ತೆಳು ವೈರಿನಲ್ಲಿ ಅದು 0.73 ಓಮ್, ಒಂದೂವರೆಯಲ್ಲಿ 0.37 ಓಮ್.

0.73 ಬಂದರೆ ಕೆಲಸ ಕೆಟ್ಟಿತು ಅಂತಲ್ಲ. ಸದ್ದು ಒಂದು ಡೆಸಿಬೆಲ್ಲಿಗಿಂತ ಕಡಿಮೆ ಇಳಿಯುತ್ತದೆ. ಆಂಪ್‌ನಲ್ಲಿ ಹಿಂದಿನ ಸ್ಪೀಕರಿನ ಮಟ್ಟ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಆದರೆ ಮುಂದಿನ ಎರಡಕ್ಕೆ ಅಷ್ಟು ತಡೆಯನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ 8 ಓಮ್ ಅಂತ ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ಕೆಲವು ಸ್ವರಕ್ಕೆ ಆರಕ್ಕೆ ಇಳಿಯುತ್ತದೆ, ಕೆಲವಕ್ಕೆ ಇಪ್ಪತ್ತು ದಾಟುತ್ತದೆ. ವೈರ್ ತಡೆ ಜಾಸ್ತಿಯಾದಷ್ಟೂ ಇಳಿದ ಕಡೆ ಸದ್ದು ಹೆಚ್ಚು ಸೋರುತ್ತದೆ, ಏರಿದ ಕಡೆ ಸೋರುವುದಿಲ್ಲ. ಹಾಗಾಗಿ ಸ್ಪೀಕರಿನ ಧ್ವನಿಯ ಗುಣವೇ ಸ್ವಲ್ಪ ಬದಲಾಗುತ್ತದೆ. ಸಿನಿಮಾದ ಮಳೆ, ಗುಡುಗಿಗೆ ಇದು ತಿಳಿಯುವುದಿಲ್ಲ. ಮುಂದಿನ ಸ್ಪೀಕರಿನಲ್ಲಿ ತಂಬೂರಿ, ತಬಲ ಕೇಳುವಾಗ ತಿಳಿಯುತ್ತದೆ.

ಈ ಅಳತೆಯಿಂದ ಇನ್ನೊಂದು ದೊಡ್ಡ ಲಾಭ ಇದೆ. ಎಡ-ಬಲ ಹೋಲಿಸಿ ನೋಡಿ. ಎಡದ ಲೈನ್ 0.3, ಬಲದ್ದು 0.35 ಬಂದರೆ ಸರಿ, ದಾರಿ ತುಸು ಉದ್ದ ಇರಬಹುದು. ಎಡ 0.3, ಬಲ 2.5 ಬಂತು ಅಂದರೆ ಗೋಡೆಯೊಳಗೆ ಎಲ್ಲೋ ಸಡಿಲ ಜಾಯಿಂಟ್ ಇದೆ ಅಂತಲೇ ಅರ್ಥ. ಅಳೆಯುತ್ತಿರುವಾಗ ಒಬ್ಬರು ಆಚೆ ತುದಿಯ ವೈರ್ ಮೆಲ್ಲಗೆ ಅಲ್ಲಾಡಿಸಲಿ. ಅಂಕಿ ಕುಣಿದರೆ ಅನುಮಾನವೇ ಬೇಡ. ಇಂಥ ಜೊತೆ ಇವತ್ತು ಹಾಡುತ್ತದೆ, ಆರು ತಿಂಗಳಲ್ಲಿ ಕರಕರ ಅನ್ನುತ್ತದೆ.

ತಿರುಚಿದ ತುದಿಗಳನ್ನು ಬಿಡಿಸಿ ಕೊನೆಗೊಮ್ಮೆ ಅಳೆಯಿರಿ, ಈ ಸಲ ಮೀಟರ್ ದೊಡ್ಡ ರೇಂಜಿನಲ್ಲಿ. ಏನೂ ತೋರಿಸಬಾರದು. ಕೆಲವು ಸಾವಿರ ಓಮ್ ತೋರಿಸಿದರೆ ಪೈಪಿನಲ್ಲಿ ನೀರಿನ ಪಸೆ ಇದೆ. ನಮ್ಮಲ್ಲಿ ಮೋಲ್ಡ್ ಮೇಲಿಂದ ಇಳಿದ ಪೈಪುಗಳಲ್ಲಿ ಮಳೆನೀರು ನಿಲ್ಲುವುದು ಅಪರೂಪವಲ್ಲ. ವೈರ್ ತುದಿ ಹಸಿರುಗಟ್ಟಿದ್ದರೆ ಅದೂ ಇದರದೇ ಗುರುತು.

ವೈರ್ ಯಾವುದರದು ಅಂತಲೂ ನೋಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಇದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತವರದ ಲೇಪ ಇರುವ ತಾಮ್ರ, ಅದು ಒಳ್ಳೆಯದು. ಅಲ್ಯೂಮಿನಿಯಂ ವೈರಿನ ತಡೆ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಅದಕ್ಕಿಂತ ಮುಖ್ಯವಾಗಿ, ಅದು ಬಗ್ಗಿಸಿದ ಕಡೆ ಬೇಗ ಮುರಿಯುತ್ತದೆ, ಸ್ಕ್ರೂ ಕೆಳಗೆ ಕ್ರಮೇಣ ಸಡಿಲ ಆಗುತ್ತದೆ. ಹೋಮ್ ಥಿಯೇಟರ್ ಡಬ್ಬದ ಜೊತೆ ಬರುವ ಕೂದಲೆಳೆಯಂಥ ವೈರನ್ನೇ ಗೋಡೆಯೊಳಗೆ ಹಾಕಿದ್ದರೆ ಅದನ್ನು ಉಳಿಸಿಕೊಳ್ಳಬೇಡಿ.

ಬದಲಿಸಬೇಕಾದರೆ ಗೋಡೆ ಒಡೆಯಲೇಬೇಕು ಅಂತಿಲ್ಲ. ಪೈಪಿನಲ್ಲಿ ಹೋಗಿದ್ದರೆ ಹಳೆ ವೈರೇ ನಿಮ್ಮ ಹಗ್ಗ. ಇಬ್ಬರು ಎರಡು ತುದಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಸರಿದರೆ ಪೈಪ್ ತೆರೆದಿದೆ. ಹೊಸ ಒಂದೂವರೆ ವೈರಿನ ತುದಿಯನ್ನು ಹಳೆಯದಕ್ಕೆ ಗಟ್ಟಿಯಾಗಿ ಕಟ್ಟಿ, ಗಂಟು ಸಪೂರ ಇರುವಂತೆ ಟೇಪ್ ಸುತ್ತಿ, ಪೌಡರ್ ಸವರಿ ಎಳೆಯಿರಿ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಒಳಗೆ ತಳ್ಳಬೇಕು. ಸಿಕ್ಕಿಕೊಂಡರೆ ಬಲ ಹಾಕಬೇಡಿ, ತುಸು ಹಿಂದೆ ತಂದು ಮತ್ತೆ ಎಳೆಯಿರಿ. ಹಳೆ ವೈರ್ ಒಳಗೇ ತುಂಡಾದರೆ ಆ ಹಗ್ಗವೂ ಹೋಯಿತು. ಸ್ವಲ್ಪವೂ ಸರಿಯದಿದ್ದರೆ ಪೈಪ್ ಇಲ್ಲದೆ ನೇರ ಪ್ಲಾಸ್ಟರಿನಲ್ಲಿ ಹುಗಿದಿದ್ದಾರೆ ಅಂತ ತಿಳಿಯಿರಿ. ಆಗ ಹಿಂದಿನ ಸ್ಪೀಕರಿಗೆ ಫಾಲ್ಸ್ ಸೀಲಿಂಗ್ ಒಳಗಿಂದ ಹೊಸ ಪೈಪ್ ಬಿಡುವುದೇ ಸುಲಭ. ಕರೆಂಟ್ ಪೈಪಿನಿಂದ ಒಂದಡಿ ದೂರ ಇರಲಿ. ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಲಿ, ಜೊತೆಜೊತೆಗೆ ಹೋಗುವುದು ಬೇಡ.

ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ 'ಸುತ್ತಿ ಟೇಪ್' ವಿಷಯಕ್ಕೆ ಬರುತ್ತೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಮೇಲೆ ಕೋಪವಿಲ್ಲ, ಫ್ಯಾನ್, ಲೈಟಿನ ಕೆಲಸದಲ್ಲಿ ಅದು ರೂಢಿ. ಆದರೆ ನಮ್ಮ ಊರಿನ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಪಶ್ಚಿಮದ ಗೋಡೆ ಸಂಜೆ ಕೈ ಇಟ್ಟರೆ ಸುಡುತ್ತದೆ, ಫಾಲ್ಸ್ ಸೀಲಿಂಗ್ ಮೇಲಿನ ಗಾಳಿ ಇನ್ನೂ ಬಿಸಿ. ಎರಡು ಬೇಸಿಗೆ ಕಳೆದರೆ ಕಪ್ಪು ಟೇಪಿನ ಅಂಟು ಕರಗಿ ಜಾರುತ್ತದೆ. ಬರೀ ತಿರುಚಿದ ತಾಮ್ರಕ್ಕೆ ಗಾಳಿ ತಾಗಿ ಕಪ್ಪಾಗುತ್ತದೆ, ತಡೆ ಏರುತ್ತದೆ. ಕರಕರ ಸದ್ದಿನ ದೂರು ಬಂದ ಮನೆಗೆ ಹೋದಾಗ ನಾನು ಮೊದಲು ತಡಕುವುದು ಇಂಥ ಜಾಯಿಂಟನ್ನೇ.

ಸರಿಯಾದ ದಾರಿ ಎರಡಿವೆ. ಒಂದು ಬೆಸುಗೆ. ಹಳೆ ವೈರಿನ ಕಪ್ಪಾದ ತುದಿಯನ್ನು ಒಂದೆರಡು ಇಂಚು ಕತ್ತರಿಸಿ ಬಿಸಾಕಿ, ಹೊಳೆಯುವ ತಾಮ್ರ ಬರಬೇಕು. ಬಿಸಿಗೆ ಕುಗ್ಗುವ ಸ್ಲೀವ್ ಮೊದಲೇ ತೂರಿಸಿಟ್ಟು, ಎಳೆಗಳನ್ನು ಹೆಣೆದು, ಸೋಲ್ಡರ್ ಹಾಕಿ, ಸ್ಲೀವ್ ಮುಚ್ಚಿ. ಎರಡನೆಯದು ಲಿವರ್ ಎತ್ತಿ ವೈರ್ ತೂರಿಸಿ ಒತ್ತುವ ಕನೆಕ್ಟರ್. ಬೇರೆ ಬೇರೆ ದಪ್ಪದ ವೈರನ್ನೂ ಅದು ಗಟ್ಟಿಯಾಗಿ ಹಿಡಿಯುತ್ತದೆ, ಮುಂದೆ ಬಿಚ್ಚಲೂ ಬರುತ್ತದೆ. ನಿಮಗೆ ನಾನು ಇದನ್ನೇ ಹೇಳುತ್ತೇನೆ. ಎರಡರಲ್ಲಿ ಯಾವುದೇ ಆದರೂ ಜಾಯಿಂಟ್ ಈಗಿರುವ ಬಾಕ್ಸಿನೊಳಗೇ ಇರಬೇಕು, ಪ್ಲೇಟ್ ಬಿಚ್ಚಿದರೆ ಕೈಗೆ ಸಿಗಬೇಕು. ಪ್ಲಾಸ್ಟರ್ ಒಳಗೆ ಜಾಯಿಂಟ್ ಹುಗಿಯಬೇಡಿ. ಮೇಸ್ತ್ರಿ ಎಷ್ಟೇ ಒತ್ತಾಯಿಸಿದರೂ ಬೇಡ.

ಇನ್ನು ಗೋಡೆ. ಈ ಸ್ಪೀಕರುಗಳು ಹುಟ್ಟಿದ್ದು ಇಟ್ಟಿಗೆ ಗೋಡೆಗಾಗಿ ಅಲ್ಲ. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು ಒಳಗೆ ಟೊಳ್ಳು ಬಿಟ್ಟ ಅಮೆರಿಕದ ಮನೆಗಳಿಗಾಗಿ. ಫ್ರೇಮಿನ ಸುತ್ತ ಇರುವ ಸ್ಕ್ರೂ ತಿರುಗಿಸಿ ನೋಡಿ, ಪ್ಲಾಸ್ಟಿಕ್ ಕಿವಿಗಳು ಹೊರಗೆ ಮಗುಚಿಕೊಂಡು ಹಲಗೆಯನ್ನು ಹಿಂದಿನಿಂದ ಕಚ್ಚುತ್ತವೆ. ನಮ್ಮ ಇಟ್ಟಿಗೆ ಗೋಡೆಯಲ್ಲಿ ಅವಕ್ಕೆ ಕಚ್ಚಲು ಏನೂ ಸಿಗುವುದಿಲ್ಲ. ಸ್ಪೀಕರಿನ ಆಳ ಮೂರರಿಂದ ನಾಲ್ಕು ಇಂಚು. ಒಳಗೋಡೆ ನಾಲ್ಕೂವರೆ ಇಂಚಿನದಾದರೆ ಕೊರೆದ ಮೇಲೆ ಆಚೆ ಕೋಣೆಯ ಪ್ಲಾಸ್ಟರ್ ಮಾತ್ರ ಉಳಿಯುತ್ತದೆ. ಒಂಬತ್ತಿಂಚಿನ ಗೋಡೆಯಾದರೂ ಅದು ಭಾರ ಹೊರುವ ಗೋಡೆಯಾ, ಒಳಗೆ ಲಿಂಟಲ್, ಪಿಲ್ಲರ್ ಇದೆಯಾ ಅಂತ ಎಂಜಿನಿಯರ್ ನೋಡದೆ ಕೊರೆಯಬಾರದು.

ಇನ್ನೊಂದು ತೊಂದರೆ ನಿಮ್ಮ ಪ್ರಶ್ನೆಯಲ್ಲೇ ಇದೆ. ಮುಂದಿನ ಬಾಕ್ಸುಗಳು ಏಳಡಿ ಎತ್ತರದಲ್ಲಿವೆ ಅಂದಿರಿ. ಅವು ಗೋಡೆಗೆ ನೇತುಹಾಕುವ ಪುಟ್ಟ ಸ್ಪೀಕರಿಗಾಗಿ ಇಟ್ಟ ಜಾಗ. ನಿಮ್ಮ ಸ್ಪೀಕರಿನ ಟ್ವೀಟರ್, ಅಂದರೆ ಕೀರಲು ಸ್ವರ ನುಡಿಸುವ ಪುಟ್ಟ ಭಾಗ, ಕೂತವರ ಕಿವಿಯ ಮಟ್ಟಕ್ಕೆ ಬರಬೇಕು, ಅಂದರೆ ನೆಲದಿಂದ ಮೂರು, ಮೂರೂಕಾಲು ಅಡಿ. ವೈರ್ ಅಲ್ಲಿದೆ ಅಂತ ಸ್ಪೀಕರನ್ನೂ ಅಲ್ಲೇ ಇಟ್ಟರೆ ಟಿವಿಯಲ್ಲಿ ಮಾತಾಡುವವರ ದನಿ ತಲೆ ಮೇಲಿಂದ ಬರುತ್ತದೆ. ಒಂದು ಸಲ ಕೊರೆದ ಮೇಲೆ ಆ ತಪ್ಪನ್ನು ಯಾವ ಆಂಪ್ ಕೂಡ ತಿದ್ದುವುದಿಲ್ಲ.

ಹಾಗಾಗಿ ಮುಂದಿನ ಗೋಡೆಗೆ ಮೇಸ್ತ್ರಿ ಬೇಡ, ಬಡಗಿಯನ್ನು ಕರೆಯಿರಿ. ಟಿವಿ ಗೋಡೆಗೆ ಪ್ಲೈವುಡ್ ಪ್ಯಾನೆಲ್ ಮಾಡಿಸುವುದು ಈಗ ಎಲ್ಲ ಮನೆಯಲ್ಲೂ ಇದೆ. ಅದನ್ನೇ ಗೋಡೆಯಿಂದ ನಾಲ್ಕೂವರೆ ಇಂಚು ಮುಂದಕ್ಕೆ ತನ್ನಿ. ಸ್ಪೀಕರಿನ ಆಳ ಎಷ್ಟು ಅಂತ ಡಬ್ಬದ ಮೇಲೆ ನೋಡಿ ಅದಕ್ಕೆ ಸರಿಯಾಗಿ ಹೊಂದಿಸಿ. ಏಳಡಿಯ ಬಾಕ್ಸಿನಿಂದ ಪ್ಯಾನೆಲ್ ಹಿಂದೆ ಹೊಸ ವೈರ್ ಕೆಳಗೆ ಇಳಿಯಲಿ. ಬಾಕ್ಸಿನ ಎದುರಿಗೆ ಪ್ಯಾನೆಲ್‌ನಲ್ಲಿ ಬಿಚ್ಚಲು ಬರುವ ಚಿಕ್ಕ ಬಾಗಿಲು ಇರಲಿ. ಗೋಡೆಗೆ ಒಂದು ಗೀರೂ ಬೀಳದೆ ನಿಮ್ಮ ಕೆಲಸ ಆಗುತ್ತದೆ.

ಬಡಗಿಗೆ ಒಂದು ಮಾತು ತಪ್ಪದೆ ಹೇಳಿ. ಪ್ರತಿ ಸ್ಪೀಕರಿನ ಹಿಂದೆ ಮುಚ್ಚಿದ ಪೆಟ್ಟಿಗೆ ಬೇಕು. ಪ್ಯಾನೆಲ್ ಹಿಂದಿನ ಜಾಗವನ್ನು ತೆರೆದು ಬಿಟ್ಟರೆ ಹಲಗೆ ನಡುಗುತ್ತದೆ, ಗಾಳಿ ಸಂದಿಯಿಂದ ನುಗ್ಗುತ್ತದೆ, ಬಾಸ್ ಬೊಬ್ಬೆ ಹಾಕುತ್ತದೆ. ಆರೂವರೆ ಇಂಚಿನ ಸ್ಪೀಕರಿಗೆ ನಾನು 20 ಲೀಟರಿಗಿಂತ ಕಡಿಮೆ ಜಾಗ ಕೊಡುವುದಿಲ್ಲ. ಒಳಗಿನ ಅಳತೆ 10 ಸೆಂಟಿಮೀಟರ್ ಆಳ, 30 ಅಗಲ, 70 ಎತ್ತರ ಇಟ್ಟರೆ 21 ಲೀಟರ್ ಆಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. 18 ಮಿಲಿಮೀಟರಿನ ಪ್ಲೈ, ಸಂದಿಗಳಿಗೆಲ್ಲ ಅಂಟು, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ. ವೈರ್ ಒಳಗೆ ಬರುವ ತೂತನ್ನೂ ಸಿಲಿಕಾನ್‌ನಿಂದ ಮುಚ್ಚಿ. ಎರಡು ಸ್ಪೀಕರಿನ ನಡುವಿನ ದೂರ ನೀವು ಕೂರುವ ಜಾಗದ ಮೇಲೆ ಹೋಗುತ್ತದೆ. ಸೋಫಾ ಹತ್ತಡಿ ದೂರ ಇದ್ದರೆ ಎಂಟರಿಂದ ಹನ್ನೊಂದು ಅಡಿ ಅಂತರ ಚೆನ್ನ.

ಹಿಂದಿನ ಎರಡನ್ನು ಫಾಲ್ಸ್ ಸೀಲಿಂಗ್‌ನಲ್ಲೇ ಕೂರಿಸಿ. ಅಲ್ಲಿ ಆ ಪ್ಲಾಸ್ಟಿಕ್ ಕಿವಿಗಳಿಗೆ ಕಚ್ಚಲು ಹಲಗೆ ಸಿಗುತ್ತದೆ. ಆದರೆ ಹನ್ನೆರಡು ವರ್ಷದ ಜಿಪ್ಸಂ ಮೇಲೆ ಮಾತ್ರ ಭಾರ ಬಿಡಬೇಡಿ. ತೂತಿನ ಮೇಲ್ಗಡೆ ಪ್ಲೈವುಡ್ ಚೌಕಟ್ಟು ಇಟ್ಟು ಕಿವಿಗಳು ಅದನ್ನು ಕಚ್ಚುವಂತೆ ಮಾಡಿ. ಸ್ಪೀಕರಿನಿಂದ ಮೋಲ್ಡಿಗೆ ಒಂದು ಉಕ್ಕಿನ ತಂತಿ ಬಿಗಿದಿರಲಿ, ಕೆಳಗೆ ಸೋಫಾದಲ್ಲಿ ಜನ ಕೂರುತ್ತಾರೆ. ಇಲಿ ಕಾಟ ಇರುವ ಮನೆಯಾದರೆ ಹಿಂಬದಿಗೆ ಮುಚ್ಚಳ, ವೈರಿಗೆ ಪೂರ್ತಿ ಪೈಪ್.

ಸ್ಪೀಕರ್ ಕೂರಿಸುವ ಮೊದಲು ಪ್ಲಸ್-ಮೈನಸ್ ಗಟ್ಟಿ ಮಾಡಿಕೊಳ್ಳಿ. ಬಣ್ಣ ನಂಬಬೇಡಿ, ನಡುವೆ ಜಾಯಿಂಟ್ ಇದ್ದರೆ ಅಲ್ಲಿ ಅದಲುಬದಲಾಗಿರಬಹುದು. ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಸೆಲ್ ಸಾಕು. ಸ್ಪೀಕರನ್ನು ವೈರಿಗೆ ಜೋಡಿಸಿ, ಟಿವಿ ಕಡೆಯ ತುದಿಗೆ ಸೆಲ್ ಒಂದು ಕ್ಷಣ ತಾಗಿಸಿ. ಆಗ ಈ ತುದಿ ಆಂಪಿನಲ್ಲಿ ಇರಬಾರದು. ಸೆಲ್ಲಿನ ಪ್ಲಸ್ ಕೆಂಪಿಗೆ ತಾಗಿದಾಗ ಸ್ಪೀಕರಿನ ಕೋನ್ (ಸದ್ದಿಗೆ ಅದುರುವ ಬಟ್ಟಲಿನಂಥ ಭಾಗ) ಹೊರಗೆ ಚಿಮ್ಮಬೇಕು. ಒಳಗೆ ಹೋದರೆ ಎಲ್ಲೋ ಉಲ್ಟಾ ಆಗಿದೆ. ಎರಡು ಸ್ಪೀಕರಿನಲ್ಲಿ ಒಂದು ಉಲ್ಟಾ ಇದ್ದರೆ ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಬಾಸ್ ಮಾಯವಾಗುತ್ತದೆ, ಹಾಡುವವರು ಎಲ್ಲಿದ್ದಾರೆ ಅಂತಲೇ ತಿಳಿಯುವುದಿಲ್ಲ. ಎಷ್ಟೋ ಜನ ಇದಕ್ಕೆ ಸ್ಪೀಕರನ್ನೇ ಬೈದು ಬದಲಿಸಿದ್ದಾರೆ.

ಆಂಪಿಗೆ ಹಾಕುವ ಮುಂಚೆ ಸ್ಪೀಕರ್ ಸಮೇತ ಪ್ರತಿ ಲೈನನ್ನು ಓಮ್‌ನಲ್ಲಿ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಐದೂವರೆಯಿಂದ ಏಳರವರೆಗೆ ತೋರಿಸುತ್ತದೆ, ಅದು ಸರಿಯೇ. ಒಂದಕ್ಕಿಂತ ಕಡಿಮೆ ಬಂದರೆ ಶಾರ್ಟ್ ಆಗಿದೆ, ಆಂಪ್ ಆನ್ ಮಾಡಬೇಡಿ. ಟರ್ಮಿನಲ್‌ನಲ್ಲಿ ಒಂದು ಎಳೆ ಹೊರಗೆ ಚಾಚಿ ಪಕ್ಕದ್ದಕ್ಕೆ ತಾಗಿದರೂ ಸಾಕು, ಆಂಪಿನ ಔಟ್‌ಪುಟ್ ಹೋಗಬಹುದು. ಒಂದು ಸೆಂಟಿಮೀಟರಿನಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ತೂರಿಸಿ.

ಅಮ್ಮನ ಅಡುಗೆಮನೆ ಸ್ಪೀಕರ್. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಕೇಳುತ್ತಾ ಒಗ್ಗರಣೆ ಹಾಕುವ ಸುಖವನ್ನು ಅವರಿಗೆ ಖಂಡಿತ ಕೊಡಿ. ಆದರೆ ಹಾಲಿನ ಸ್ಪೀಕರಿನ ವೈರಿಗೇ ಇನ್ನೊಂದನ್ನು ಕಟ್ಟಬೇಡಿ. 8 ಓಮ್‌ನ ಎರಡು ಸ್ಪೀಕರ್ ಪಕ್ಕಪಕ್ಕ ಸೇರಿದರೆ ಆಂಪಿಗೆ ಕಾಣುವುದು 4 ಓಮ್, ಮೂರು ಸೇರಿದರೆ 2.7. ಆಂಪಿನ ಹಿಂದೆ 6 ರಿಂದ 16 ಓಮ್ ಅಂತ ಬರೆದಿದ್ದರೆ 4 ಓಮ್‌ಗೆ ಅದು ಬಿಸಿಯಾಗುತ್ತದೆ, ಜೋರು ಮಾಡಿದಾಗ ಕಟ್ ಆಗಬಹುದು. ಜೊತೆಗೆ ಹಾಲಿನಲ್ಲಿ ಮಕ್ಕಳ ಕಾರ್ಟೂನ್ ಹಾಕಿದರೆ ಅಡುಗೆಮನೆಯಲ್ಲೂ ಅದೇ ಕೇಳಬೇಕು. ನಿಮ್ಮ ಆಂಪಿನಲ್ಲಿ ಎರಡನೇ ಜೋನ್, ಅಂದರೆ ಬೇರೆ ಕೋಣೆಗೆ ಬೇರೆಯೇ ಹಾಡು ಕಳಿಸುವ ಔಟ್‌ಪುಟ್, ಇದ್ದರೆ ಅದಕ್ಕೆ ಕೊಡಿ. ಇಲ್ಲದಿದ್ದರೆ ಅಡುಗೆಮನೆಗೆ ಒಂದು ಚಿಕ್ಕ ಬೇರೆ ಆಂಪ್ ಇಡುವುದೇ ಅವರಿಗೆ ಅನುಕೂಲ, ಬೇಕಾದಾಗ ತಾವೇ ಹಾಕಿಕೊಳ್ಳಬಹುದು. ಮದುವೆ ಮಂಟಪ, ದೇವಸ್ಥಾನಕ್ಕೆ ಸೌಂಡ್ ಕೊಡುವವರ ಹತ್ತಿರ ಸಿಗುವ 100 ವೋಲ್ಟ್ ಲೈನಿನ ಸ್ಪೀಕರ್ ಮಾತ್ರ ತರಬೇಡಿ. ಅದರೊಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮನೆಯ ಆಂಪಿಗೆ ಅದು ಹೊಂದುವುದಿಲ್ಲ.

ಪ್ಯಾನೆಲ್ ಮುಚ್ಚುವ ಮುನ್ನ ಪ್ರತಿ ವೈರ್, ಪ್ರತಿ ಜಾಯಿಂಟಿನ ಪಕ್ಕ ಅಳತೆ ಟೇಪ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣಬೇಕು. ಪೈಪ್ ದಾರಿಯ ಒಂದು ಚಿತ್ರ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮುಂದೆ ಯಾರೇ ಆ ಗೋಡೆಗೆ ಮೊಳೆ ಹೊಡೆಯಲು ಬಂದರೂ ಮೊದಲು ಅದನ್ನು ನೋಡಲಿ.

ಸದ್ಯಕ್ಕೆ ಈ ಭಾನುವಾರ ಮೀಟರ್ ಕೆಲಸ ಮಾತ್ರ ಮಾಡಿ. ಐದೂ ಜೊತೆಯ ಅಂಕಿ, ಒಂದೊಂದು ಸುಲಿದ ತುದಿಯ ಹತ್ತಿರದ ಫೋಟೋ, ಆಂಪಿನ ಹಿಂಭಾಗದ ಫೋಟೋ ಇಷ್ಟನ್ನು ಕಳಿಸಿ. ಯಾವ ಜೊತೆ ಇಟ್ಟುಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಅಂತ ಒಂದೊಂದಾಗಿ ಬರೆದು ತಿಳಿಸುತ್ತೇನೆ. ಬಡಗಿಗೆ ಮುಂಗಡ ಕೊಡುವುದು ಆಮೇಲೆ ಇರಲಿ.